ಎಮರ್ಜೆನ್ಸಿ ಡಿಸೆಂಟ್‌ನಲ್ಲಿ ಕೈ ಚುರುಕು ಮಾಡಿಕೊಳ್ಳುವುದು ಹೇಗೆ?

ಬೋಯಿಂಗ್ 737 ಹಾರಿಸಲು ಬೇಕಾದ ಟೈಪ್ ರೇಟಿಂಗ್ ತರಬೇತಿಯಲ್ಲಿದ್ದೀರಿ. ಎಮರ್ಜೆನ್ಸಿ ಡಿಸೆಂಟ್, ಅಂದರೆ ಕ್ಯಾಬಿನ್‌ನ ಗಾಳಿಯ ಒತ್ತಡ ಹೋದಾಗ ವಿಮಾನವನ್ನು ಬೇಗ ಕೆಳಗಿಳಿಸುವುದು. ಸಿಮ್ಯುಲೇಟರ್‌ನಲ್ಲಿ ಅದಕ್ಕೆ ನಿಮ್ಮ ಕೈ ನಿಧಾನ, ಅಲ್ವಾ? ಕೈ ಚುರುಕು ಮಾಡಲು ಹೋಗಿಯೇ ನಾನು ಸಿಮ್ಯುಲೇಟರ್ ಚೆಕ್‌ನಲ್ಲಿ (ಪರೀಕ್ಷೆಯಲ್ಲಿ) ಫೇಲ್ ಆಗಿದ್ದೆ.

35,000 ಅಡಿಯಲ್ಲಿ, ಒತ್ತಡ ಇಳಿದಿದೆ ಅಂತ ಎಚ್ಚರಿಸುವ ಕ್ಯಾಬಿನ್ ಹಾರ್ನ್ ಕೂಗಿತು. ಆಕ್ಸಿಜನ್ ಮಾಸ್ಕ್ ಎಳೆದು ಹಾಕಿಕೊಂಡೆ. ಆದರೆ ಮೈಕಿನ ಸ್ವಿಚ್ಚನ್ನು ಬೂಮ್‌ನಿಂದ (ಹೆಡ್‌ಸೆಟ್ಟಿನ ಮೈಕ್) ಮಾಸ್ಕ್‌ಗೆ ಹಾಕಲಿಲ್ಲ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಮಾಸ್ಕಿನೊಳಗೆ ಬೇರೆಯೇ ಮೈಕ್ ಇದೆ. ಸ್ವಿಚ್ ಬೂಮ್‌ನಲ್ಲೇ ಉಳಿದರೆ ಆ ಮೈಕ್ ಸತ್ತ ಹಾಗೆ. ಮುಖ ಮುಚ್ಚಿಕೊಂಡ ನಿಮ್ಮ ಮಾತನ್ನು ಹೆಡ್‌ಸೆಟ್ಟಿನ ಮೈಕ್ ಹಿಡಿಯುವುದಿಲ್ಲ. ನಾನು 'ಎಮರ್ಜೆನ್ಸಿ ಡಿಸೆಂಟ್' ಅಂತ ಕೂಗಿದೆ. ಇಳಿಯಬೇಕಾದ ಎತ್ತರ 10,000 ಅಡಿ ಅಂತ ಸೆಟ್ ಮಾಡಿದೆ, ಎಂಜಿನ್ ಥ್ರಸ್ಟನ್ನು ಐಡಲ್‌ಗೆ, ಅಂದರೆ ಕನಿಷ್ಠಕ್ಕೆ ತಂದೆ, ರೆಕ್ಕೆಯ ಮೇಲಿನ ಸ್ಪೀಡ್‌ಬ್ರೇಕ್ ಎಳೆದೆ. ಎಲ್ಲಾ ಚಕಚಕ. ಪಕ್ಕದ ಫಸ್ಟ್ ಆಫೀಸರ್ ನನ್ನನ್ನು ಕರೆಯುತ್ತಲೇ ಇದ್ದರು. ನನ್ನ ಉತ್ತರ ಅವರಿಗೆ ಕೇಳಿಸಲೇ ಇಲ್ಲ. ನನಗೆ ಎಚ್ಚರ ತಪ್ಪುತ್ತಿದೆ ಅಂದುಕೊಂಡು ಅವರೂ ಕಂಟ್ರೋಲ್ ಹಿಡಿದರು. ಕೆಳಗೆ ಬೆಟ್ಟಗಳಿದ್ದವು, ಅಲ್ಲಿ ಸುರಕ್ಷಿತ ಎತ್ತರ 10,000ಕ್ಕಿಂತ ಜಾಸ್ತಿ. ಅದನ್ನು ಚಾರ್ಟ್ ನೋಡಿ ಹೇಳಬೇಕಾದವರು ನನ್ನ ಜೊತೆ ಗುದ್ದಾಡುತ್ತಿದ್ದರು. ನನ್ನನ್ನು ಲೈನಿಂದ, ಅಂದರೆ ಪ್ರಯಾಣಿಕರ ವಿಮಾನ ಹಾರಿಸುವ ಕೆಲಸದಿಂದ, ಇಳಿಸಿದರು. ಟ್ರೈನಿಂಗ್ ಮತ್ತೆ ಮಾಡಬೇಕಾಯಿತು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಸಿಮ್ಯುಲೇಟರ್‌ನಲ್ಲಿ ನೀವು ಉಸಿರಾಡುವುದು ನೆಲದ ಗಾಳಿ. ನಿಜವಾದ 35,000 ಅಡಿಯಲ್ಲಿ ಆಕ್ಸಿಜನ್ ಇಲ್ಲದೆ ಬುದ್ಧಿ ನೆಟ್ಟಗಿರುವುದು 30ರಿಂದ 60 ಸೆಕೆಂಡು. ಒತ್ತಡ ಒಮ್ಮೆಲೇ ಇಳಿದರೆ ಇನ್ನೂ ಕಡಿಮೆ. ಎಲ್ಲಾ ಸರಿಯಾಗಿದೆ ಅನ್ನಿಸುತ್ತಲೇ ಬುದ್ಧಿ ಮಂಕಾಗುತ್ತದೆ. 2005ರ ಆಗಸ್ಟ್ 14ರಂದು ಸೈಪ್ರಸ್‌ನಿಂದ ಅಥೆನ್ಸ್‌ಗೆ ಹೊರಟ ಹೀಲಿಯೋಸ್ ಏರ್‌ವೇಸ್‌ನ 522ನೇ ವಿಮಾನ ಕೂಡ 737. ಕ್ಯಾಬಿನ್ ಒತ್ತಡ ನೋಡಿಕೊಳ್ಳುವ ಪ್ರೆಶರೈಸೇಶನ್ ಸ್ವಿಚ್ ಆಟೋ ಬದಲು ಮ್ಯಾನುಯಲ್‌ನಲ್ಲೇ ಉಳಿದಿತ್ತು. ಹಾರ್ನ್ ಕೂಗಿದಾಗ ಪೈಲಟ್‌ಗಳು ಅದನ್ನು ಟೇಕಾಫ್ ವಾರ್ನಿಂಗ್ (ವಿಮಾನ ಟೇಕಾಫ್‌ಗೆ ಸಜ್ಜಾಗಿಲ್ಲ ಅನ್ನುವ ಎಚ್ಚರಿಕೆ) ಅಂದುಕೊಂಡರು, ಎರಡಕ್ಕೂ ಸದ್ದು ಒಂದೇ. ಮಾಸ್ಕ್ ಹಾಕಲಿಲ್ಲ. 121 ಜನ ಹೋದರು.

ಸ್ಟಾಪ್‌ವಾಚ್ ಬಿಡಿ. ಮನೆಯಲ್ಲಿ ಕುರ್ಚಿ ಮೇಲೆ ಕೂತು ಇಷ್ಟೇ ಅಭ್ಯಾಸ ಮಾಡಿ: ಮಾಸ್ಕ್, 100 ಪರ್ಸೆಂಟ್ ಆಕ್ಸಿಜನ್, ಮೈಕ್ ಸ್ವಿಚ್, 'ಕೇಳಿಸ್ತಿದೆಯಾ?' ಉತ್ತರ ಬರುವವರೆಗೆ ಎತ್ತರ ಸೆಟ್ ಮಾಡುವ ಆಲ್ಟಿಟ್ಯೂಡ್ ನಾಬ್ ಮುಟ್ಟಬೇಡಿ. ಆಮೇಲೆ ಎಷ್ಟು ಅಡಿಗೆ ಇಳಿಯಬೇಕು ಅಂತ ಇಬ್ಬರೂ ಬಾಯಿಬಿಟ್ಟು ಹೇಳಿ: 10,000 ಅಥವಾ ಅಲ್ಲಿನ ಸುರಕ್ಷಿತ ಎತ್ತರ, ಎರಡರಲ್ಲಿ ಮೇಲಿನದು. ಇಳಿಯುವಾಗ ಗರಿಷ್ಠ ವೇಗಕ್ಕೆ ಹೋಗುವ ಆಸೆಯೂ ಬೇಡ, ಮೊದಲು ವಿಮಾನದ ಮೈಗೆ ಪೆಟ್ಟಾಗಿದೆಯಾ ಅಂತ ಕೇಳಿಕೊಳ್ಳಿ. ಅನುಮಾನ ಇದ್ದರೆ ಇರುವ ವೇಗದಲ್ಲೇ ಇಳಿಸಿ.