ಆಪ್ತಸಲಹೆ ಪ್ರಕರಣ: ಹಾಡಿಗೆ ಮುಂಚೆ ಅವಳು ಏನಂದಿದ್ದಳು?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಹಾಸನ ಜಿಲ್ಲೆಯ ಯುವಕ, ವಯಸ್ಸು 23. ಬೇಲೂರು–ಹಾಸನ ಬೆಳಗಿನ ಬಸ್ಸಿನಲ್ಲಿ ಓಡಾಡುವ ಬಿ.ಎಡ್ ವಿದ್ಯಾರ್ಥಿನಿಯ ಹಿಂದೆ ಬಿದ್ದಿದ್ದ. ಅವಳು ಎರಡು ಸಲ ಬೇಡವೆಂದಳು, ಆಮೇಲೆ ನಂಬರ್ ಬ್ಲಾಕ್ ಮಾಡಿದಳು. ಇವನು ಇನ್ನೆರಡು ಸಿಮ್ ಕೊಂಡು ಮೆಸೇಜು ಹಾಕಿದ. ಅವಳ ಮನೆಯವರು ಠಾಣೆಯ ಮಾತೆತ್ತಿದ ಮೇಲೆ ಇವನ ತಾಯಿ ಇವನನ್ನು ನಮ್ಮಲ್ಲಿಗೆ ಕರೆತಂದರು.

‘ಒಂದ್ಸಲ ನಕ್ಕಿದಾಳೆ ಸಾರ್. ಹುಡುಗೀನ ಬೀಳಿಸೋಕೆ ಟೈಮ್ ಬೇಕು’ ಎಂದ. ಬೀಳಿಸುವುದು ಕುಸ್ತಿಯ ಮಾತು. ಪ್ರೀತಿಗೆ ಹೇಗೆ ಬಂತೋ. ಆ ಒಂದು ನಗುವೇ ಇಲ್ಲಿ ಕೊಂಡಿ. ಯಾವಾಗಲೋ ಒಮ್ಮೆ ಸಿಕ್ಕ ಫಲ ದಿನಾ ಸಿಗುವ ಫಲಕ್ಕಿಂತ ಗಟ್ಟಿಯಾಗಿ ಚಟ ಹಿಡಿಸುತ್ತದೆ, ಜೂಜಿನ ಹಾಗೆ.

ಬುದ್ಧಿವಾದ ಹೇಳಲಿಲ್ಲ. ಅವನು ಮೆಚ್ಚಿದ ಸಿನಿಮಾದಲ್ಲಿ ನಾಯಕ ನಾಯಕಿಯ ಹಿಂದೆ ಬೀಳುವ ದೃಶ್ಯವೊಂದನ್ನು ಅವನ ಫೋನಿನಲ್ಲೇ ಮೂರು ಸಲ ನೋಡಿಸಿದೆವು. ಮೊದಲು ಇದ್ದ ಹಾಗೇ. ಎರಡನೆಯ ಸಲ ಧ್ವನಿ ಪೂರ್ತಿ ತೆಗೆದು: ನಾಯಕಿ ಮುಖ ತಿರುಗಿಸಿದಾಗ, ಹೆಜ್ಜೆ ಬಿರುಸು ಮಾಡಿದಾಗಲೆಲ್ಲ ಕಾಗದದ ಮೇಲೆ ಒಂದು ಗೀಟು. ಏಳು ಗೀಟು ಬಿದ್ದವು. ಮೂರನೆಯ ಸಲ ಕ್ಯಾಮೆರಾ ಯಾರ ಹೆಗಲ ಹಿಂದಿದೆ ಎಂದು ಗಮನಿಸುವುದು. ಉದ್ದಕ್ಕೂ ನಾಯಕನ ಹಿಂದೆಯೇ. ಅವಳು ಮನೆಗೆ ಹೋಗಿ ಬಾಗಿಲು ಹಾಕಿಕೊಂಡ ಮೇಲಿನ ಹೊತ್ತು ಚಿತ್ರದಲ್ಲೇ ಇಲ್ಲ. ಬೇಡ ಎಂಬುದಕ್ಕೂ ಹೂಂ ಎಂಬುದಕ್ಕೂ ನಡುವೆ ನಡೆಯಬೇಕಾದ ಮಾತುಕತೆಯ ಜಾಗದಲ್ಲಿ ಒಂದು ಹಾಡು ಕೂತಿದೆ.

‘ಮತ್ತೆ ಅಷ್ಟು ಚೆನ್ನಾಗಿ ಯಾಕೆ ರೆಡಿಯಾಗಿ ಬರ್ತಾಳೆ?’ ಎಂದ. ಬೇಲೂರಿನ ಗುಡಿಯ ಶಿಲಾಬಾಲಿಕೆ ದರ್ಪಣಸುಂದರಿ ಯಾರನ್ನು ನೋಡುತ್ತಿದ್ದಾಳೆ ಎಂದು ಕೇಳಿದೆವು. ಸ್ವಲ್ಪ ಹೊತ್ತು ಬಿಟ್ಟು, ‘ಕನ್ನಡೀನ’ ಎಂದ.

ಕೊಟ್ಟ ಸಲಹೆ: 90 ದಿನ ಯಾವ ಸಂಪರ್ಕವೂ ಬೇಡ, ಮುಂದಕ್ಕೂ ಅವಳಾಗಿ ಮಾತಾಡಿಸದೆ ಇವನು ಮಾತಾಡಿಸುವಂತಿಲ್ಲ. ಹೆಚ್ಚುವರಿ ಸಿಮ್ ಎರಡೂ ತಾಯಿಯ ಕೈಗೆ. ಬೇರೆ ಹೊತ್ತಿನ ಬಸ್ಸು. ಮೆಸೇಜು ಮಾಡುವ ತುಡಿತ ಬಂದರೆ ಫೋನು ಒಳಗಿಟ್ಟು 20 ನಿಮಿಷ ಹೊರಗೆ ನಡೆಯುವುದು; ತುಡಿತ ಅಲೆಯಂತೆ, ಏರಿದ್ದು ಇಳಿಯುತ್ತದೆ. ಗೆಳೆಯರ ಕೈಲಿ ಹೇಳಿ ಕಳಿಸುವುದೂ ಸಂಪರ್ಕವೇ. ಕಾನೂನನ್ನೂ ಮುಚ್ಚಿಡಲಿಲ್ಲ: ಹೆಣ್ಣು ಸ್ಪಷ್ಟವಾಗಿ ಆಸಕ್ತಿಯಿಲ್ಲವೆಂದ ಮೇಲೂ ಮತ್ತೆ ಮತ್ತೆ ಹಿಂಬಾಲಿಸಿದರೆ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ಪ್ರಕಾರ ಮೊದಲ ಅಪರಾಧಕ್ಕೆ 3 ವರ್ಷದವರೆಗೆ, ಮರುಕಳಿಸಿದರೆ 5 ವರ್ಷದವರೆಗೆ ಜೈಲು.

ಮೂರನೇ ವಾರ ಎಡವಿದ. ಮೆಸೇಜು ಹಾಕಲಿಲ್ಲ, ಅವಳ ಗೆಳತಿಯರಿಗೆ ಕಾಣಲೆಂದೇ ವಿರಹದ ಸಾಲೊಂದನ್ನು ಸ್ಟೇಟಸ್‌ಗೆ ಹಾಕಿದ. ಇಂಥ ಪ್ರಕರಣಗಳು ಹೆಚ್ಚಾಗಿ ಜಾರುವುದೇ ಇಲ್ಲಿ, ಇಲ್ಲವೇ ‘ಕೊನೇ ಸಲ ಸಾರಿ ಹೇಳ್ತೀನಿ’ ಎಂಬಲ್ಲಿ. ಆ ಸಾರಿಗೂ ಅವಳು ಉತ್ತರ ಕೊಡಬೇಕಾಗುತ್ತದಲ್ಲ. ಬರೆಯಬೇಕೆನಿಸಿದರೆ ಬರಿ, ಕಳಿಸಬೇಡ ಎಂದೆವು.

ಆರನೇ ಭೇಟಿಗೆ ಎರಡು ಪುಟದ ಕ್ಷಮಾಪಣೆ ಪತ್ರ ಕಿಸೆಯಲ್ಲಿಟ್ಟುಕೊಂಡು ಬಂದಿದ್ದ. ಅದೀಗ ನಮ್ಮ ಫೈಲಿನಲ್ಲಿದೆ.