ಥ್ರೆಡ್ ಲೈಬ್ರರಿಯನ್ನು ಆರಿಸುವವರು ಯಾರು?

ಪ್ರಶ್ನೆ: ಹಲವು ಕೆಲಸಗಳನ್ನು ಒಟ್ಟಿಗೆ ನಡೆಸುವ ಎಸ್‌ಟಿಡಿ::ಥ್ರೆಡ್ ಬಳಸಿದ ನನ್ನ ಸಿ++ ಪ್ರೋಗ್ರಾಂ ಮನೆಯ ಉಬುಂಟು 22.04ರಲ್ಲಿ ಸಲೀಸಾಗಿ ಕಂಪೈಲ್ ಆಗುತ್ತದೆ. ಕಾಲೇಜು ಲ್ಯಾಬ್‌ನ 20.04ರಲ್ಲಿ ‘ಅನ್‌ಡಿಫೈನ್ಡ್ ರೆಫರೆನ್ಸ್ ಟು ಪಿಥ್ರೆಡ್_ಕ್ರಿಯೇಟ್’ ಎಂಬ ದೋಷ ಬರುತ್ತದೆ. ‘-ಎಲ್‌ಪಿಥ್ರೆಡ್’ ಸೇರಿಸಿದರೂ ಹೋಗಲಿಲ್ಲ. ಹೆಡರ್ ನೋಡಿ ಕಂಪೈಲರೇ ಲೈಬ್ರರಿ ಆರಿಸಿಕೊಳ್ಳುವುದಿಲ್ಲವೇ?

ಉತ್ತರ: ಇಲ್ಲ. ಹೆಡರ್‌ನಲ್ಲಿರುವುದು ಫಂಕ್ಷನ್‌ಗಳ ಘೋಷಣೆ. ಅವು ಯಾವ ಲೈಬ್ರರಿಯಲ್ಲಿವೆ ಎಂಬುದನ್ನು ಅದು ಲಿಂಕರ್‌ಗೆ (ಕಂಪೈಲ್ ಆದ ತುಣುಕುಗಳನ್ನು ಲೈಬ್ರರಿಗಳ ಜೊತೆ ಜೋಡಿಸುವ ಸಾಧನ) ತಿಳಿಸುವುದಿಲ್ಲ. ಜಿ++ (ಜಿಸಿಸಿಯ ಸಿ++ ಕಂಪೈಲರ್) ತಾನಾಗಿ ಜೋಡಿಸುವುದು ಲಿಬ್‌ಎಸ್‌ಟಿಡಿಸಿ++, ಲಿಬ್‌ಎಂ, ಲಿಬ್‌ಜಿಸಿಸಿ, ಲಿಬ್‌ಸಿ ಇಷ್ಟನ್ನೇ. 20.04ರಲ್ಲಿರುವ ಜಿಲಿಬ್‌ಸಿ (ಲಿಬ್‌ಸಿಯನ್ನು ಒದಗಿಸುವ ಮೂಲ ಸಿ ಲೈಬ್ರರಿ) 2.31ರಲ್ಲಿ ಪಿಥ್ರೆಡ್_ಕ್ರಿಯೇಟ್ ಇರುವುದು ಲಿಬ್‌ಪಿಥ್ರೆಡ್ ಎಂಬ ಬೇರೆ ಫೈಲಿನಲ್ಲಿ. 2021ರ ಆಗಸ್ಟ್‌ನಲ್ಲಿ ಬಂದ 2.34ನೇ ಆವೃತ್ತಿ ಅದನ್ನು ಲಿಬ್‌ಸಿಯೊಳಗೇ ಸೇರಿಸಿತು. 22.04ರಲ್ಲಿರುವುದು 2.35. ಹಾಗಾಗಿ ನಿಮ್ಮ ಮನೆಯಲ್ಲಿ ಏನನ್ನೂ ಕೇಳದೆಯೇ ಕೆಲಸ ಆಗುತ್ತಿದೆ.

‘-ಎಲ್‌ಪಿಥ್ರೆಡ್’ ಅನ್ನು ನೀವು ಸೋರ್ಸ್ ಫೈಲಿನ ಹೆಸರಿಗಿಂತ ಮೊದಲು ಬರೆದಿರಬೇಕು. ಲಿಂಕರ್ ಎಡದಿಂದ ಬಲಕ್ಕೆ ಓದುತ್ತದೆ. ಉಬುಂಟುವಿನಲ್ಲಿ ‘--ಆ್ಯಸ್-ನೀಡೆಡ್’ ಮೊದಲೇ ಚಾಲೂ ಇರುವುದರಿಂದ, ಆ ಹೊತ್ತಿಗೆ ಯಾರೂ ಕೇಳದ ಲೈಬ್ರರಿಯನ್ನು ಅದು ಕೈಬಿಡುತ್ತದೆ.

ಈ ಎರಡೂ ತೊಂದರೆಗಳಿಗೆ ಸರಿಯಾದ ಪರಿಹಾರ ‘-ಪಿಥ್ರೆಡ್’. ನಡುವೆ ‘ಎಲ್’ ಇಲ್ಲದ್ದು. ಇದು ಥ್ರೆಡ್ ಬಳಕೆಯನ್ನು ಸೂಚಿಸುವ _ರೀಎಂಟ್ರಂಟ್ ಮ್ಯಾಕ್ರೋವನ್ನೂ ಕೊಡುತ್ತದೆ, ಲೈಬ್ರರಿಯನ್ನು ಸರಿಯಾದ ಜಾಗದಲ್ಲೂ ಇಡುತ್ತದೆ. ಕಂಪೈಲ್, ಲಿಂಕ್ ಎರಡೂ ಹಂತಗಳಲ್ಲಿ ಬರೆಯಿರಿ. ಹೊಸ ಜಿಲಿಬ್‌ಸಿಯಲ್ಲೂ ಇದರಿಂದ ತೊಂದರೆಯಿಲ್ಲ: ಅಲ್ಲಿ ಲಿಬ್‌ಪಿಥ್ರೆಡ್.ಎ ಖಾಲಿ ಫೈಲಾಗಿ ಉಳಿದಿದೆ. ಬಿಲ್ಡ್ ಸಾಧನವಾದ ಸಿಮೇಕ್ ಬಳಸುವವರು ಫೈಂಡ್_ಪ್ಯಾಕೇಜ್‌ನಲ್ಲಿ ಥ್ರೆಡ್ಸ್ ಕೇಳಿ, ಥ್ರೆಡ್ಸ್::ಥ್ರೆಡ್ಸ್ ಅನ್ನು ಟಾರ್ಗೆಟ್‌ಗೆ ಲಿಂಕ್ ಮಾಡಿದರೆ ಸಾಕು. ಲಿಂಕರ್‌ಗೆ ನಿಜಕ್ಕೂ ಏನು ಹೋಗುತ್ತಿದೆ ಎಂದು ನೋಡಲು ಆಜ್ಞೆಗೆ ‘-###’ ಸೇರಿಸಿ. ಏನನ್ನೂ ನಡೆಸದೆ ಪೂರ್ತಿ ಸಾಲನ್ನು ತೋರಿಸುತ್ತದೆ. ಇಂಥ ದೋಷ ಬಂದಾಗ ಮೊದಲು ನೋಡಬೇಕಾದದ್ದು ಇದನ್ನೇ.

ಪ್ರಶ್ನೆ: ಜಿಸಿಸಿಯ ವಿಂಡೋಸ್ ರೂಪವಾದ ಮಿನ್‌ಜಿಡಬ್ಲ್ಯುನಲ್ಲಿ ಎಸ್‌ಟಿಡಿ::ಮ್ಯೂಟೆಕ್ಸ್ (ಥ್ರೆಡ್‌ಗಳ ನಡುವಿನ ಬೀಗ) ಎಂಬುದೇ ಇಲ್ಲ ಎನ್ನುತ್ತದೆ. ‘-ಪಿಥ್ರೆಡ್’ ಹಾಕಿದರೂ ಅಷ್ಟೇ.

ಉತ್ತರ: ಅಲ್ಲಿ ಆಯ್ಕೆ ಆ ಕಂಪೈಲರನ್ನು ಕಟ್ಟುವಾಗಲೇ ಮುಗಿದಿರುತ್ತದೆ. ‘ಜಿಸಿಸಿ -ವಿ’ ಕೊಟ್ಟು ‘ಥ್ರೆಡ್ ಮಾಡೆಲ್’ ಸಾಲು ಓದಿ. ‘ವಿನ್32’ ಎಂದಿದ್ದು, ಜಿಸಿಸಿ 12 ಅಥವಾ ಹಿಂದಿನದಾದರೆ ಎಸ್‌ಟಿಡಿ::ಥ್ರೆಡ್, ಮ್ಯೂಟೆಕ್ಸ್ ಸಿಗುವುದಿಲ್ಲ. ‘ಪೋಸಿಕ್ಸ್’ ಮಾದರಿಯದನ್ನು ಹಾಕಿಕೊಳ್ಳಿ, ಇಲ್ಲವೇ 13ಕ್ಕೆ ಏರಿ. ಪೋಸಿಕ್ಸ್ ಆದರೆ ಪ್ರೋಗ್ರಾಂ ಜೊತೆ ಲಿಬ್‌ವಿನ್‌ಪಿಥ್ರೆಡ್-1.ಡಿಎಲ್‌ಎಲ್ ಕೊಡಬೇಕು, ಮರೆತರೆ ಬೇರೆಯವರ ಯಂತ್ರದಲ್ಲಿ ಅದು ಶುರುವೇ ಆಗುವುದಿಲ್ಲ. ‘-ಸ್ಟ್ಯಾಟಿಕ್’ ಕೊಟ್ಟು ಲಿಂಕ್ ಮಾಡಿದರೆ ಆ ಫೈಲು ಬೇಕಾಗದು.