ಪ್ರದೇಶದ ಉದ್ಯಮಗಳಿಗೆ ಕೊಡುವ ಪ್ರಶಸ್ತಿ ಬರೀ ಸಮಾರಂಭವಾಗದಿರಲು ಏನು ಮಾಡಬೇಕು?

ನಿಮ್ಮ ವಾಣಿಜ್ಯ ಸಂಘವು ಪ್ರದೇಶದ ಉದ್ಯಮಿಗಳಿಗೂ ಕಂಪನಿಗಳಿಗೂ ವಾರ್ಷಿಕ ಪ್ರಶಸ್ತಿಯೊಂದನ್ನು ಆರಂಭಿಸಲಿದೆ ಎಂದೂ, ಅದು ಒಂದು ಸಂಜೆಯ ಸಮಾರಂಭವಾಗಿ ಮುಗಿಯದೆ ಪಡೆದವರಿಗೆ ನಿಜವಾಗಿ ಉಪಯೋಗವಾಗಬೇಕಾದರೆ ಹೇಗೆ ರೂಪಿಸಬೇಕು ಎಂದೂ ಕೇಳಿದ್ದೀರಿ. ಇಂತಹ ಆಯ್ಕೆ ಸಮಿತಿಗಳಲ್ಲಿ ಕೆಲಸ ಮಾಡಿದ ಅನುಭವದಿಂದ ಹೇಳುವುದಾದರೆ, ನಿಮ್ಮ ಹಣ ಮತ್ತು ಸಮಯದ ಹೆಚ್ಚಿನ ಪಾಲನ್ನು ಸಮಾರಂಭಕ್ಕೆ ಮುಂಚಿನ ಪರಿಶೀಲನೆಗೂ ನಂತರದ ವ್ಯಾಪಾರ ಸಂಪರ್ಕಕ್ಕೂ ಮೀಸಲಿಡಿ. ವೇದಿಕೆ ಚಿಕ್ಕದಾದರೆ ನಷ್ಟವೇನಿಲ್ಲ.

ಮೊದಲು, ಗೌರವ ಯಾರಿಗೆ ಎಂಬುದು ತೀರ್ಮಾನವಾಗಬೇಕು. ‘ವರ್ಷದ ಉದ್ಯಮಿ’ ಎಂಬ ಬಿರುದು ಪತ್ರಿಕೆಗಳಿಗೆ ಅಚ್ಚುಮೆಚ್ಚು, ಏಕೆಂದರೆ ಅವುಗಳಿಗೆ ಒಂದು ಮುಖ ಮತ್ತು ಒಂದು ಕಥೆ ಸಿಗುತ್ತದೆ. ಆದರೆ ಅದರಿಂದ ಕಂಪನಿಗೆ ಒಳಿತಾಗುತ್ತದೆಂಬ ಖಾತರಿಯಿಲ್ಲ. ಉಲ್ರಿಕೆ ಮಾಲ್ಮೆಂಡಿಯರ್ ಮತ್ತು ಜೆಫ್ರಿ ಟೇಟ್ ಎಂಬ ಅರ್ಥಶಾಸ್ತ್ರಜ್ಞರು 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾಣಿಜ್ಯ ಪತ್ರಿಕೆಗಳು ಕೊಂಡಾಡಿದ ಅಮೆರಿಕದ ಮುಖ್ಯ ಕಾರ್ಯನಿರ್ವಾಹಕರ ಸಂಭಾವನೆ ಪ್ರಶಸ್ತಿಯ ನಂತರ ಏರಿತು, ಅವರ ಕಂಪನಿಗಳ ಸಾಧನೆ ಮಾತ್ರ ಹಿಂದಿನದಕ್ಕೆ ಹೋಲಿಸಿದರೂ, ಪ್ರಶಸ್ತಿ ಬಾರದ ಸಮಾನ ಸ್ಥಿತಿಯ ಕಂಪನಿಗಳಿಗೆ ಹೋಲಿಸಿದರೂ ಕುಗ್ಗಿತು. ಪುಸ್ತಕ ಬರೆಯುವುದು, ಬೇರೆ ಕಂಪನಿಗಳ ಆಡಳಿತ ಮಂಡಳಿಗಳಲ್ಲಿ ಕೂರುವುದು ಮುಂತಾದ ಹೊರಗಿನ ಕೆಲಸಗಳಿಗೆ ಅವರು ಹೆಚ್ಚು ಸಮಯ ಕೊಡತೊಡಗಿದ್ದರು. ಕಡಿವಾಣ ಹಾಕಬೇಕಾದ ಆಡಳಿತ ವ್ಯವಸ್ಥೆ ದುರ್ಬಲವಾಗಿದ್ದ ಕಂಪನಿಗಳಲ್ಲಿ ಈ ಪರಿಣಾಮ ಇನ್ನೂ ಹೆಚ್ಚಾಗಿ ಕಂಡುಬಂದಿತ್ತು. ಆದ್ದರಿಂದ ಪ್ರಶಸ್ತಿ ಕಂಪನಿಯ ಹೆಸರಿಗಿರಲಿ. ವ್ಯಕ್ತಿಯನ್ನೇ ಗೌರವಿಸಬೇಕೆಂದಿದ್ದರೆ, ತಾವು ಅಧಿಕಾರ ಬಿಟ್ಟ ಮೇಲೂ ಸಂಸ್ಥೆ ಸರಾಗವಾಗಿ ನಡೆಯುವಂತೆ ವ್ಯವಸ್ಥೆ ಮಾಡಿಟ್ಟ ಹಿರಿಯರನ್ನು ಹುಡುಕಿ. ಅಂಥವರು ಸಾಮಾನ್ಯವಾಗಿ ತಾವಾಗಿ ಅರ್ಜಿ ಹಾಕುವುದಿಲ್ಲ.

ಪರಿಶೀಲನೆಯ ವಿಷಯದಲ್ಲಿ ಅಮೆರಿಕದಲ್ಲಿ 1987ರಲ್ಲಿ ಕಾನೂನಿನ ಮೂಲಕ ಸ್ಥಾಪನೆಯಾದ ಮಾಲ್ಕಂ ಬಾಲ್ಡ್ರಿಜ್ ರಾಷ್ಟ್ರೀಯ ಗುಣಮಟ್ಟ ಪ್ರಶಸ್ತಿಯನ್ನು ಗಮನಿಸುವುದು ಒಳ್ಳೆಯದು. ಅಲ್ಲಿ ಒಟ್ಟು 1000 ಅಂಕಗಳ ಮಾನದಂಡವನ್ನು ಮೊದಲೇ ಬಹಿರಂಗಪಡಿಸಿ, ತರಬೇತಿ ಪಡೆದ ಪರೀಕ್ಷಕರಿಂದ ಅರ್ಜಿಗಳನ್ನು ಓದಿಸಿ, ಮುಂದಿನ ಹಂತಕ್ಕೆ ಬಂದ ಸಂಸ್ಥೆಗಳಿಗೆ ಖುದ್ದಾಗಿ ಭೇಟಿ ಕೊಡುವ ಪದ್ಧತಿ ಬೆಳೆಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಗೆಲ್ಲದವರಿಗೂ ತಮ್ಮ ಬಲ ಎಲ್ಲಿದೆ, ಕೊರತೆ ಎಲ್ಲಿದೆ ಎಂದು ವಿವರಿಸುವ ಲಿಖಿತ ವರದಿ ದೊರೆಯುತ್ತಿತ್ತು. ನನ್ನ ದೃಷ್ಟಿಯಲ್ಲಿ ಫಲಕಕ್ಕಿಂತ ಈ ವರದಿಗೇ ಬೆಲೆ ಹೆಚ್ಚು. ಹೆಂಡ್ರಿಕ್ಸ್ ಮತ್ತು ಸಿಂಘಲ್ ಎಂಬ ಸಂಶೋಧಕರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗುಣಮಟ್ಟ ಪ್ರಶಸ್ತಿ ಪಡೆದ ಕಂಪನಿಗಳನ್ನು ಇತರ ಕಂಪನಿಗಳೊಂದಿಗೆ ಹೋಲಿಸಿದಾಗ, ಪ್ರಶಸ್ತಿ ಪಡೆದವುಗಳ ಕಾರ್ಯಾಚರಣೆಯ ಲಾಭ ಹೆಚ್ಚು ಬೆಳೆದಿರುವುದು ಕಂಡುಬಂತು. ಹಾಗೆಂದು ಪರೀಕ್ಷೆಯೇ ರಕ್ಷಾಕವಚವೇನಲ್ಲ: 1990ರಲ್ಲಿ ಬಾಲ್ಡ್ರಿಜ್ ಪ್ರಶಸ್ತಿ ಪಡೆದ ಹ್ಯೂಸ್ಟನ್‌ನ ವ್ಯಾಲೇಸ್ ಕಂಪನಿ 1992ರಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು.

ಸ್ಥಳ ಭೇಟಿಯನ್ನು ಖರ್ಚಿನ ನೆಪ ಹೇಳಿ ಕೈಬಿಡಬೇಡಿ. ನಾನಿದ್ದ ಒಂದು ಸಮಿತಿಯ ಮುಂದೆ ಬಂದ ಒಂದು ಅರ್ಜಿ ನುಣುಪು ಕಾಗದದಲ್ಲಿ ಅಚ್ಚಾದ ದಪ್ಪ ಕಡತವಾಗಿದ್ದು, ಅದರ ಬಹುಪಾಲು ಗಣ್ಯರ ಪಕ್ಕದಲ್ಲಿ ಮಾಲೀಕರು ನಿಂತ ಛಾಯಾಚಿತ್ರಗಳಿಂದ ತುಂಬಿತ್ತು. ಇನ್ನೊಂದು, ಅರ್ಧ ಖಾನೆಗಳನ್ನು ಖಾಲಿ ಬಿಟ್ಟ ಕೈಬರಹದ ಅರ್ಜಿ. ಆ ಎರಡನೆಯ ಕಾರ್ಖಾನೆಗೆ ಹೋಗಿ, ತಿರಸ್ಕೃತವಾದ ಬಿಡಿಭಾಗಗಳನ್ನು ಏನು ಮಾಡುತ್ತೀರಿ ಎಂದು ಕೇಳಿದಾಗ, ಮಾಲೀಕರು ಬಾಯಿ ತೆರೆಯುವ ಮೊದಲೇ ಶಿಫ್ಟಿನ ಮೇಲ್ವಿಚಾರಕಿ ಎಣ್ಣೆಯ ಕಲೆ ಹತ್ತಿದ ರಿಜಿಸ್ಟರನ್ನು ತಂದು, ಯಾವ ಯಂತ್ರದಲ್ಲಿ, ಯಾವ ಕಾರಣಕ್ಕೆ ಬಿಡಿಭಾಗ ಕೆಟ್ಟಿತು, ಮರುದಿನ ಏನನ್ನು ಸರಿಪಡಿಸಲಾಯಿತು ಎಂಬುದನ್ನು ಸಾಲುಸಾಲಾಗಿ ತೋರಿಸಿದರು. ದಪ್ಪ ಕಡತದ ಕಂಪನಿಯಲ್ಲಿ ಅದೇ ಪ್ರಶ್ನೆಗೆ ಉತ್ತರಿಸಲು ಪ್ರಚಾರ ವಿಭಾಗದವರು ಮುಂದೆ ಬಂದರು.

ಭೇಟಿಯ ಜೊತೆಗೆ ಕಾಗದಪತ್ರಗಳೂ ಬೇಕು: ಕನಿಷ್ಠ ಮೂರು ವರ್ಷಗಳ ಲೆಕ್ಕಪರಿಶೋಧಿತ ಲೆಕ್ಕಪತ್ರ, ತೆರಿಗೆ ಹಾಗೂ ವೇತನ ಬಾಕಿಯ ವಿವರ, ನ್ಯಾಯಾಲಯದಲ್ಲಿರುವ ಪ್ರಕರಣಗಳು, ಮತ್ತು ನನ್ನ ಮಟ್ಟಿಗೆ ಬಹಳ ಮುಖ್ಯವಾದದ್ದು, ಸಣ್ಣ ಪೂರೈಕೆದಾರರಿಗೆ ಬಿಲ್ಲಿನ ಹಣ ಎಷ್ಟು ದಿನಕ್ಕೆ ಸಿಗುತ್ತದೆ ಎಂಬ ಮಾಹಿತಿ. ಪೂರೈಕೆದಾರರ ಹಣವನ್ನು ತಿಂಗಳುಗಟ್ಟಲೆ ತಡೆದಿಟ್ಟು ಬೆಳೆದ ಕಂಪನಿಯನ್ನು ಪ್ರದೇಶದ ಹೆಮ್ಮೆ ಎಂದು ಮೆರೆಸಿದರೆ, ಅದೇ ಪ್ರದೇಶದ ಇತರ ಉದ್ಯಮಿಗಳು ಸಭಿಕರ ಸಾಲಿನಲ್ಲಿ ಕೂತು ಮನಸ್ಸಿನಲ್ಲೇ ನಗುತ್ತಾರೆ. ಇಷ್ಟೆಲ್ಲ ಮಾಡಿದರೂ ಮೋಸ ಹೋಗುವ ಸಾಧ್ಯತೆ ಇದ್ದೇ ಇರುತ್ತದೆ. ಸತ್ಯಂ ಕಂಪ್ಯೂಟರ್ ಸರ್ವಿಸಸ್‌ಗೆ 2008ರಲ್ಲಿ ಸಾಂಸ್ಥಿಕ ಆಡಳಿತಕ್ಕಾಗಿ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂದಿತ್ತು. 2009ರ ಜನವರಿಯಲ್ಲಿ ಅಧ್ಯಕ್ಷರೇ ಲೆಕ್ಕಪತ್ರ ಸುಳ್ಳೆಂದು ಒಪ್ಪಿಕೊಂಡ ಮೇಲೆ ಅದನ್ನು ಹಿಂಪಡೆಯಬೇಕಾಯಿತು. ಹಿಂಪಡೆಯುವ ಅಧಿಕಾರವನ್ನು ನಿಯಮಾವಳಿಯಲ್ಲಿ ಮೊದಲ ದಿನವೇ ಬರೆದಿಡಿ.

ಹಣದ ಮೂಲದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅರ್ಜಿ ಶುಲ್ಕ ಬೇಡ, ಪ್ರಾಯೋಜಕರು ಸ್ಪರ್ಧಿಸುವಂತಿಲ್ಲ, ಸ್ಪರ್ಧಿಯೊಂದಿಗೆ ವ್ಯವಹಾರವಿರುವ ಸಮಿತಿ ಸದಸ್ಯರು ಆ ಚರ್ಚೆಯ ವೇಳೆ ಹೊರಗೆ ಹೋಗಬೇಕು. ಭೋಜನದ ಮೇಜುಗಳನ್ನು ಮಾರುವುದಕ್ಕಾಗಿಯೇ ಪ್ರಶಸ್ತಿಯ ವಿಭಾಗಗಳನ್ನು ಹೆಚ್ಚಿಸುವ ಚಾಳಿ ಒಮ್ಮೆ ಹತ್ತಿದರೆ ಬಿಡುವುದಿಲ್ಲ.

ಇನ್ನು ಪ್ರಚಾರ. ಬ್ರಿಟನ್ನಿನಲ್ಲಿ 1965ರಲ್ಲಿ ರಾಣಿಯ ಹೆಸರಿನಲ್ಲಿ ಆರಂಭವಾಗಿ ಈಗ ರಾಜನ ಹೆಸರಿನಲ್ಲಿ ಮುಂದುವರಿದಿರುವ ಉದ್ಯಮ ಪ್ರಶಸ್ತಿಗೆ ಅರ್ಜಿ ಶುಲ್ಕವಿಲ್ಲ. ಗೆದ್ದವರು ಅದರ ಲಾಂಛನವನ್ನು ಐದು ವರ್ಷ ತಮ್ಮ ಸರಕಿನ ಮೇಲೆ, ಪತ್ರಗಳ ಮೇಲೆ ಬಳಸಬಹುದು. ಪ್ರಶಸ್ತಿಯನ್ನು ರಾಜಪ್ರತಿನಿಧಿಯು ಸಾಮಾನ್ಯವಾಗಿ ಕಂಪನಿಯ ಆವರಣಕ್ಕೇ ಬಂದು ನೀಡುತ್ತಾರೆ. ಈ ಎರಡೂ ಏರ್ಪಾಡುಗಳನ್ನು ನೀವು ಯಾವ ಹೆಚ್ಚುವರಿ ಖರ್ಚೂ ಇಲ್ಲದೆ ಅನುಸರಿಸಬಹುದು: ಅವಧಿಯಿರುವ ಲಾಂಛನದಿಂದ ಕಂಪನಿಗೆ ಮತ್ತೆ ಅರ್ಹತೆ ಸಾಬೀತುಪಡಿಸುವ ಒತ್ತಡವಿರುತ್ತದೆ, ಆವರಣದಲ್ಲೇ ಪ್ರದಾನ ಮಾಡಿದರೆ ಕೆಲಸಗಾರರ ಕಣ್ಣೆದುರೇ ಅವರ ಶ್ರಮಕ್ಕೆ ಮನ್ನಣೆ ಸಿಗುತ್ತದೆ.

ಆ ಆವರಣಕ್ಕೆ ಪತ್ರಕರ್ತರ ಜೊತೆ ಹೊರಗಿನ ಖರೀದಿ ವ್ಯವಸ್ಥಾಪಕರನ್ನೂ, ಬ್ಯಾಂಕಿನ ಸಾಲ ವಿಭಾಗದವರನ್ನೂ, ತಾಂತ್ರಿಕ ಶಿಕ್ಷಣ ಸಂಸ್ಥೆಗಳ ಅಧ್ಯಾಪಕರನ್ನೂ ಕರೆಸಿ, ಏಕೆಂದರೆ ಮಧ್ಯಮ ಗಾತ್ರದ ಕಂಪನಿಗೆ ಹೊಗಳಿಕೆಗಿಂತ ಹೆಚ್ಚಾಗಿ ಬೇಕಾಗಿರುವುದು ಹೊಸ ಗ್ರಾಹಕರು, ದುಡಿಯುವ ಬಂಡವಾಳ ಮತ್ತು ನುರಿತ ಕೆಲಸಗಾರರು. ಅಂತಿಮ ಹಂತ ತಲುಪಿದ ಎಲ್ಲ ಕಂಪನಿಗಳ ವಿವರವನ್ನು, ಅಂದರೆ ಏನು ತಯಾರಿಸುತ್ತವೆ, ಎಷ್ಟು ಸಾಮರ್ಥ್ಯವಿದೆ, ಯಾವ ಪ್ರಮಾಣಪತ್ರಗಳಿವೆ, ಯಾರನ್ನು ಸಂಪರ್ಕಿಸಬೇಕು ಎಂಬುದನ್ನು ಒಂದು ಕೈಪಿಡಿಯಾಗಿ ಪ್ರಕಟಿಸಿ ಪ್ರತಿ ವರ್ಷ ಪರಿಷ್ಕರಿಸಿ. ಮೊದಲ ವರ್ಷ ಎರಡು ಮೂರು ವಿಭಾಗಗಳು ಸಾಕು, ಯಾವುದಾದರೂ ವಿಭಾಗದಲ್ಲಿ ಅರ್ಹರು ಸಿಗದಿದ್ದರೆ ಪ್ರಶಸ್ತಿ ಕೊಡದೆ, ಹಾಗೆಂದೇ ಪ್ರಕಟಿಸಿ.